ಕೊಳವೆಬಾವಿಯ ತಕರಾರಿಗೆ ಸಾರಜನಕದ ಸಾಕ್ಷಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಡಾವಣೆಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದ್ದೆವು. ಹುಬ್ಬಳ್ಳಿಯ ಅಂಚಿನಲ್ಲಿ, ನವಲಗುಂದದ ಕಡೆಗೆ ಹೋಗುವ ದಾರಿಗೆ ತಾಗಿ, ಎರೆಹೊಲಗಳ ನಡುವೆ ಎದ್ದುನಿಂತ ಬಡಾವಣೆ ನಮ್ಮದು. ಒಂದು ಬದಿಗೆ ಮನೆಗಳು, ಬೇಲಿಯಾಚೆ ಹತ್ತಿ, ಹೆಸರು, ಜೋಳ. ನಳದ ನೀರು ಬಾರದ ದಿನಗಳಲ್ಲಿ ಕೊಳವೆಬಾವಿಯೇ ಗತಿ. ವರದಿಯಲ್ಲಿ ಉಳಿದೆಲ್ಲ ಅಂಶಗಳು ಸರಿಯಾಗಿದ್ದವು. ನೈಟ್ರೇಟಿನ ಎದುರು ಮಾತ್ರ ಲೀಟರಿಗೆ 72 ಮಿಲಿಗ್ರಾಂ ಎಂದು ನಮೂದಿಸಿ ಕೆಳಗೆ ಗೆರೆ ಎಳೆಯಲಾಗಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 45 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾದ ನೈಟ್ರೇಟು ದೊಡ್ಡವರಿಗಿಂತ ಹಸುಗೂಸುಗಳಿಗೆ ಅಪಾಯಕಾರಿ. ರಕ್ತವು ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ನೀರನ್ನು ಕುದಿಸಿ ಆರಿಸಿದರೆ ಸಾಕೆಂದು ನಂಬಿದವರು ನಮ್ಮಲ್ಲಿ ಹಲವರಿದ್ದರು. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ನೈಟ್ರೇಟು ಹೋಗುವುದಿಲ್ಲ. ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.

ಆ ಭಾನುವಾರ ಸಭೆ ಸೇರಿತು. ಬಡಾವಣೆಯಲ್ಲಿ ಎರಡು ಮನೆಗಳಲ್ಲಿ ಕೈಗೂಸುಗಳಿದ್ದವು, ಹೀಗಾಗಿ ಮಾತು ಬೇಗನೆ ಬಿಸಿಯಾಯಿತು. ಬೇಲಿಯಾಚೆಯ ಹೊಲದವರು ಚೀಲಗಟ್ಟಲೆ ಯೂರಿಯಾ ಸುರಿಯುತ್ತಾರೆ, ಅದೇ ನಮ್ಮ ಬೋರಿಗೆ ಇಳಿದಿದೆ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ಆ ಹೊಲ ನನ್ನ ಚಿಕ್ಕಪ್ಪನ ಮಗನದು. ಸುದ್ದಿ ಅವನಿಗೆ ಮುಟ್ಟಲು ತಡವಾಗಲಿಲ್ಲ. ಅಂದು ಸಂಜೆಯೇ ಬಂದು ಕಟ್ಟೆಯ ಮೇಲೆ ಕುಳಿತು ಕೇಳಿದ: "ಅಣ್ಣಾ, ನಾ ಹಾಕಿದ ಗೊಬ್ಬರ ಬೆಳಿಗೆ ಎಷ್ಟು ಹೋತು, ನಿಮ್ಮ ಬೋರಿಗೆ ಎಷ್ಟು ಹೋತು ಅಂತ ಯಾರ ಕಂಡಾರ? ಗೊಬ್ಬರದ ಮ್ಯಾಲೆ ಹೆಸರು ಬರದಿರತೈತೇನು?"

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನಿಗೆ ಇಂಥ ಪ್ರಶ್ನೆ ಪರೀಕ್ಷೆಯ ಹಾಳೆಯಲ್ಲಿ ಎಂದೂ ಎದುರಾಗಿರಲಿಲ್ಲ. ಹೆಸರು ಬರೆದಿರುತ್ತದೆ ಎಂದೇ ಅವನಿಗೆ ಉತ್ತರಿಸಿದೆ. ಆದರೆ ಅದನ್ನು ಓದುವುದಕ್ಕೆ ಪರಮಾಣುವಿನ ಒಳಗೆ ಇಣುಕಬೇಕು.

ಸಾರಜನಕದ ಪರಮಾಣುವಿನ ನಟ್ಟನಡುವೆ ಏಳು ಪ್ರೋಟಾನುಗಳಿವೆ. ಏಳು ಎಂಬ ಈ ಸಂಖ್ಯೆಯೇ ಅದರ ಜಾತಿ. ಆರಾದರೆ ಇಂಗಾಲ, ಎಂಟಾದರೆ ಆಮ್ಲಜನಕ. ಈ ಏಳು ಪ್ರೋಟಾನುಗಳಿಗೆ ಸರಿದೂಗುವಂತೆ ಹೊರಗೆ ಏಳು ಎಲೆಕ್ಟ್ರಾನುಗಳು: ಎರಡು ಒಳಗಿನ ಕವಚದಲ್ಲಿ, ಐದು ಹೊರಗಿನದರಲ್ಲಿ. ರಾಸಾಯನಿಕ ವ್ಯವಹಾರವೆಲ್ಲ ಹೊರಗಿನ ಈ ಐದರದು. ಯಾವುದರೊಡನೆ ಕೂಡಬೇಕು, ಅಮೋನಿಯಾ ಆಗಬೇಕೇ ನೈಟ್ರೇಟ್ ಆಗಬೇಕೇ ಎಂಬುದನ್ನು ನಿರ್ಧರಿಸುವುದು ಅವೇ. ಬೀಜಕೇಂದ್ರದಲ್ಲಿ ಪ್ರೋಟಾನುಗಳ ಜೊತೆಗೆ ವಿದ್ಯುದಾವೇಶವಿಲ್ಲದ ನ್ಯೂಟ್ರಾನುಗಳೂ ಇರುತ್ತವೆ. ಅವುಗಳ ಸಂಖ್ಯೆ ಏಳಾದರೆ ಸಾರಜನಕ-14, ಎಂಟಾದರೆ ಸಾರಜನಕ-15. ಇವೆರಡನ್ನು ಸಮಸ್ಥಾನಿಗಳು, ಅಂದರೆ ಐಸೊಟೋಪುಗಳು ಎನ್ನುತ್ತೇವೆ. ಆವರ್ತಕೋಷ್ಟಕದಲ್ಲಿ ಎರಡಕ್ಕೂ ಒಂದೇ ಮನೆ. ಗುಣವೂ ಬಹುತೇಕ ಒಂದೇ. ತೂಕ ಮಾತ್ರ ಬೇರೆ.

ಗಾಳಿಯಲ್ಲಿರುವ ಸಾರಜನಕದ ಪ್ರತಿ 273 ಪರಮಾಣುಗಳಲ್ಲಿ ಸರಾಸರಿ ಒಂದು ಈ ಭಾರದ ಜಾತಿಗೆ ಸೇರಿದ್ದು, ಮಿಕ್ಕವೆಲ್ಲ ಹದಿನಾಲ್ಕರವು. (ಸೊನ್ನೆ ಡಿಗ್ರಿ ಸೆಲ್ಸಿಯಸ್ ಎಂದರೆ 273 ಕೆಲ್ವಿನ್ ಎಂದು ಬಾಯಿಪಾಠ ಮಾಡಿದವರಿಗೆ ಸಂಖ್ಯೆ ನೆನಪಿಡುವುದು ಸುಲಭ; ಎರಡಕ್ಕೂ ಸಂಬಂಧವೇನೂ ಇಲ್ಲ.) ಇದನ್ನು ನನ್ನ ತಮ್ಮನ ಲೆಕ್ಕಕ್ಕೆ ಇಳಿಸೋಣ. ಸೊಸೈಟಿಯಲ್ಲಿ ಸಿಗುವ ಯೂರಿಯಾ ಚೀಲದ ತೂಕ 45 ಕಿಲೋ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ 20 ಕಿಲೋ 700 ಗ್ರಾಂ. ಅಷ್ಟರಲ್ಲಿ ಹದಿನೈದರ ಸಾರಜನಕ ಸುಮಾರು 80 ಗ್ರಾಂ; ನಮ್ಮ ಹಿರಿಯರ ತೂಕದಲ್ಲಿ ಏಳು ತೊಲ. ಚೀಲದೊಳಗಿನ ಈ ಏಳು ತೊಲವೇ ಗೊಬ್ಬರದ ಮೇಲೆ ಬರೆದ ಹೆಸರು.

ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ "ಏಳು ಪ್ರೋಟಾನು, ಏಳು ನ್ಯೂಟ್ರಾನು" ಎಂಬ ಮಾತು ಸುಲಭವಾಗಿ ಸಿಕ್ಕಿದ್ದಲ್ಲ. ಅದರ ಹಿಂದೊಂದು ಕಥೆಯಿದೆ, ಆ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ತರಗತಿಯಲ್ಲಿ ಇದನ್ನು ಹೇಳಲು ನನಗೆ ಸಮಯ ಸಿಗುತ್ತಿರಲಿಲ್ಲ; ಇಲ್ಲಿ ಹೇಳಿಬಿಡುತ್ತೇನೆ.

1919ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಸಾರಜನಕದ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಅದರೊಳಗಿಂದ ಪ್ರೋಟಾನುಗಳು ಹೊರಚಿಮ್ಮಿದ ವರದಿ ಪ್ರಕಟವಾಯಿತು. ಮನುಷ್ಯ ಒಂದು ಧಾತುವನ್ನು ಉದ್ದೇಶಪೂರ್ವಕವಾಗಿ ಮತ್ತೊಂದಾಗಿ ಮಾರ್ಪಡಿಸಿದ ಮೊದಲ ಪ್ರಯೋಗ ಅದು, ಸಾರಜನಕ ಆಮ್ಲಜನಕವಾಗಿತ್ತು. ಆಗ ನ್ಯೂಟ್ರಾನು ಯಾರಿಗೂ ಗೊತ್ತಿರಲಿಲ್ಲ. ಸಾರಜನಕದ ತೂಕ ಹದಿನಾಲ್ಕು, ಆವೇಶ ಏಳು. ಹಾಗಾದರೆ ಬೀಜಕೇಂದ್ರದಲ್ಲಿ ಹದಿನಾಲ್ಕು ಪ್ರೋಟಾನುಗಳೂ ಅವುಗಳಲ್ಲಿ ಏಳರ ಆವೇಶವನ್ನು ಅಳಿಸಲು ಏಳು ಎಲೆಕ್ಟ್ರಾನುಗಳೂ ಇರಬೇಕೆಂದು ವಿಜ್ಞಾನಿಗಳು ಬಗೆದಿದ್ದರು. ಒಟ್ಟು ಕಣಗಳು ಇಪ್ಪತ್ತೊಂದು. ತೂಕ ಸರಿಹೋಗುತ್ತಿತ್ತು, ಆವೇಶವೂ ಸರಿಹೋಗುತ್ತಿತ್ತು.

1928ರ ಫೆಬ್ರುವರಿ 28ರಂದು ಕೋಲ್ಕತ್ತದಲ್ಲಿ ಸಿ.ವಿ. ರಾಮನ್ ಅವರು ಬೆಳಕಿನ ಚದುರುವಿಕೆಯಲ್ಲಿ ಹೊಸದೊಂದು ಪರಿಣಾಮವನ್ನು ಕಂಡರು. ಅದೇ ವರ್ಷ ಮಾರ್ಚ್ 16ರಂದು ಬೆಂಗಳೂರಿನ ವಿಜ್ಞಾನಿಗಳ ಸಭೆಯಲ್ಲಿ "ಹೊಸ ವಿಕಿರಣ" ಎಂಬ ಉಪನ್ಯಾಸದ ಮೂಲಕ ಅದನ್ನು ವಿವರವಾಗಿ ಮಂಡಿಸಿದರು. ವರ್ಷ ತುಂಬುವುದರೊಳಗೆ ಆ ಪರಿಣಾಮ ಜಗತ್ತಿನ ಪ್ರಯೋಗಾಲಯಗಳ ಉಪಕರಣವಾಗಿಬಿಟ್ಟಿತು. ಇಟಲಿಯ ಫ್ರಾಂಕೊ ರಸೆಟ್ಟಿ 1929ರಲ್ಲಿ ಅಮೆರಿಕದ ಪಸಡೆನಾದಲ್ಲಿದ್ದು ಸಾರಜನಕ ಅನಿಲದ ರಾಮನ್ ರೋಹಿತವನ್ನು ಚಿತ್ರಿಸಿದ. ತಿರುಗುತ್ತಿರುವ ಅಣುವಿನ ರೋಹಿತದಲ್ಲಿ ಗೆರೆಗಳು ಸಾಲಾಗಿ ಮೂಡುತ್ತವೆ. ಸಾರಜನಕದಲ್ಲಿ ಅವು ಒಂದು ಉಜ್ವಲ, ಮರುಗೆರೆ ಮಂಕು, ಮತ್ತೆ ಉಜ್ವಲ ಎಂಬಂತಿದ್ದವು. ಯಾವ ಗೆರೆ ಉಜ್ವಲ, ಯಾವುದು ಮಂಕು ಎಂಬುದು ಬೀಜಕೇಂದ್ರದೊಳಗಿನ ಕಣಗಳ ಒಟ್ಟು ಸಂಖ್ಯೆ ಸಮವೋ ಬೆಸವೋ ಎಂಬುದನ್ನು ಅವಲಂಬಿಸಿದೆ. ಜರ್ಮನಿಯಲ್ಲಿದ್ದ ಹೈಟ್ಲರ್ ಮತ್ತು ಹರ್ಟ್ಸ್‌ಬರ್ಗ್ ಎಂಬ ಇಬ್ಬರು ತರುಣರು ಆ ಗೆರೆಗಳನ್ನು ಓದಿ, ಸಾರಜನಕದ ಒಳಗಿನ ಕಣಗಳ ಸಂಖ್ಯೆ ಸಮವಾಗಿರಲೇಬೇಕೆಂದು ತೋರಿಸಿದರು. ಇಪ್ಪತ್ತೊಂದು ಬೆಸಸಂಖ್ಯೆ. ಹಳೆಯ ಲೆಕ್ಕ ಅಲ್ಲಿಗೆ ಮುರಿಯಿತು.

ಬೀಜಕೇಂದ್ರದಲ್ಲಿ ಎಲೆಕ್ಟ್ರಾನುಗಳಿವೆ ಎಂಬ ನಂಬಿಕೆಗೆ ಬಿದ್ದ ಬಲವಾದ ಪೆಟ್ಟುಗಳಲ್ಲಿ ಇದೂ ಒಂದು. 1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಪತ್ತೆಹಚ್ಚಿದ ಮೇಲೆ ಲೆಕ್ಕ ಹೊಸದಾಯಿತು: ಏಳು ಮತ್ತು ಏಳು ಹದಿನಾಲ್ಕು, ಸಮಸಂಖ್ಯೆ. ರಾಷ್ಟ್ರೀಯ ವಿಜ್ಞಾನ ದಿನವೆಂದು ಪ್ರತಿವರ್ಷ ಫೆಬ್ರುವರಿ 28ನ್ನು ನಾವು ಆಚರಿಸುತ್ತೇವೆ. ಸಮುದ್ರದ ನೀಲಿಯ ಕಥೆಯನ್ನು ಹೇಳಿ ಚಹಾ ಕುಡಿದು ಎದ್ದುಬಿಡುತ್ತೇವೆ. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲಿನ ಒಳಗುಟ್ಟನ್ನು ಬಿಡಿಸಲು ರಾಮನ್ ಪರಿಣಾಮವೇ ನೆರವಾಯಿತೆಂಬುದನ್ನು ಮಕ್ಕಳಿಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

ಇನ್ನೊಂದು ಬೆರಗು. ಪ್ರೋಟಾನುಗಳೂ ಬೆಸ, ನ್ಯೂಟ್ರಾನುಗಳೂ ಬೆಸ ಆಗಿರುವ ಬೀಜಕೇಂದ್ರಗಳು ಸಾಮಾನ್ಯವಾಗಿ ಬಾಳುವುದಿಲ್ಲ. ಒಂದೆರಡು ವಿಚಿತ್ರ ಅಪವಾದಗಳನ್ನು ಬಿಟ್ಟರೆ ನಾಲ್ಕು ಮಾತ್ರ ಸ್ಥಿರವಾಗಿ ಉಳಿದಿವೆ: ಭಾರಜಲಜನಕ, ಲಿಥಿಯಂ-6, ಬೋರಾನ್-10 ಮತ್ತು ಸಾರಜನಕ-14. ಮೊದಲ ಮೂರೂ ತಂತಮ್ಮ ಧಾತುಗಳಲ್ಲಿ ಅಲ್ಪಸಂಖ್ಯಾತರು. ಸಾರಜನಕ-14 ಮಾತ್ರ ಬಹುಸಂಖ್ಯಾತ. ಹದಿನೈದರದು 1929ರವರೆಗೂ ಕಣ್ಣಿಗೇ ಬಿದ್ದಿರಲಿಲ್ಲ. ದಕ್ಷಿಣ ಆಫ್ರಿಕಾದ ನೌಡೆ ಎಂಬಾತ ಷಿಕಾಗೊದಲ್ಲಿ ನೈಟ್ರಿಕ್ ಆಕ್ಸೈಡಿನ ರೋಹಿತದಲ್ಲಿ ಅದರ ಮಸುಕು ಗೆರೆಗಳನ್ನು ಗುರುತಿಸಿದ.

ಅಲ್ಪಾಯುಷಿಗಳಾದ ಸಮಸ್ಥಾನಿಗಳೂ ಇವೆ. ಸಾರಜನಕ-13ನ್ನು 1934ರಲ್ಲಿ ಜೋಲಿಯೊ-ಕ್ಯೂರಿ ದಂಪತಿ ಬೋರಾನಿನಿಂದ ಸೃಷ್ಟಿಸಿದರು; ಮನುಷ್ಯ ನಿರ್ಮಿಸಿದ ಮೊದಲ ವಿಕಿರಣಶೀಲ ವಸ್ತುಗಳಲ್ಲಿ ಅದೊಂದು. ಹೃದಯದ ಸ್ನಾಯುವಿಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ನೋಡುವ ಪೆಟ್ ಸ್ಕ್ಯಾನಿನಲ್ಲಿ ಅದನ್ನು ಅಮೋನಿಯಾ ರೂಪದಲ್ಲಿ ಬಳಸುತ್ತಾರೆ. ಅದರ ಅರ್ಧಾಯುಷ್ಯ ಹತ್ತು ನಿಮಿಷ. ಧಾರವಾಡದಲ್ಲಿ ತಯಾರಿಸಿ ಚಿಗರಿ ಬಸ್ಸಿನಲ್ಲಿ ಇಟ್ಟುಕೊಂಡು ಹೊರಟರೆ, ನಲವತ್ತು ನಿಮಿಷಗಳ ನಂತರ ಹುಬ್ಬಳ್ಳಿ ಮುಟ್ಟುವಾಗ ಹದಿನಾರರಲ್ಲಿ ಒಂದು ಪಾಲು ಉಳಿದೀತು. ಆದ್ದರಿಂದಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯ ಆವರಣದಲ್ಲೇ ಇರಬೇಕಾಗುತ್ತದೆ. ಸಾರಜನಕ-16ರ ಅರ್ಧಾಯುಷ್ಯವಂತೂ ಏಳು ಸೆಕೆಂಡು. ಪರಮಾಣು ಸ್ಥಾವರ ನಡೆಯುತ್ತಿರುವಾಗ ಅದನ್ನು ತಣಿಸುವ ನೀರಿನ ಆಮ್ಲಜನಕದಿಂದ ಅದು ಹುಟ್ಟುತ್ತಲೇ ಇರುತ್ತದೆ, ಸ್ಥಾವರ ನಿಂತು ಒಂದೆರಡು ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಘಟ್ಟದ ಕೆಳಗಿನ ಕೈಗಾದ ಮೊದಲ ಘಟಕ 2018ರ ಕೊನೆಗೆ ಸತತ 962 ದಿನ ನಡೆದು ಅಂದಿನ ವಿಶ್ವದಾಖಲೆ ಬರೆಯಿತಲ್ಲ, ಅಷ್ಟೂ ದಿನ ಅದರೊಳಗೆ ಈ ಕ್ಷಣಜೀವಿ ಹುಟ್ಟುತ್ತ ಸಾಯುತ್ತ ಇತ್ತು.

ಇವೆರಡೂ ನನ್ನ ತಮ್ಮನ ಹೊಲಕ್ಕೆ ಉಪಯೋಗವಿಲ್ಲ. ಬಿತ್ತನೆಯಿಂದ ಕೊಯ್ಲಿನವರೆಗೆ ನಾಲ್ಕು ತಿಂಗಳು ಬಾಳುವ ಗುರುತು ಬೇಕು. ಹದಿನೈದರ ಸಾರಜನಕ ವಿಕಿರಣ ಸೂಸುವುದಿಲ್ಲ, ಅಳಿಯುವುದೂ ಇಲ್ಲ. ಪ್ರಯೋಗಕ್ಕಾಗಿ ಅದರ ಪ್ರಮಾಣವನ್ನು ನೂರಕ್ಕೆ ಐದೋ ಹತ್ತೋ ಪಾಲಿಗೆ ಏರಿಸಿದ ಯೂರಿಯಾವನ್ನು ತಯಾರಿಸುತ್ತಾರೆ. ಹೊಲದಲ್ಲಿ ಒಂದೆರಡು ಚದರ ಮೀಟರಿನ ಮಡಿಯೊಂದಕ್ಕೆ ಚೌಕಟ್ಟು ಹುಗಿದು, ಅದರೊಳಗೆ ಮಾತ್ರ ಈ ಗೊಬ್ಬರ ಹಾಕುತ್ತಾರೆ. ಬೆಳೆ ಬಂದ ಮೇಲೆ ಕಾಳು, ಕಣಿಕೆ, ಬೇರು, ಅಡಿಯಡಿ ಆಳದ ಮಣ್ಣು ಎಲ್ಲವನ್ನೂ ಒಣಗಿಸಿ ಪುಡಿಮಾಡಿ, ಅದರ ಸಾರಜನಕವನ್ನು ಅನಿಲವಾಗಿಸಿ ರಾಶಿರೋಹಿತಮಾಪಕಕ್ಕೆ ಬಿಡುತ್ತಾರೆ. ಅಲ್ಲಿ ಕಾಂತಕ್ಷೇತ್ರದ ನಡುವೆ ಹಾಯುವ ಅಣುಗಳಲ್ಲಿ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. 28ರ ತೂಕದ ಅಣುಗಳೆಷ್ಟು, 29ರವೆಷ್ಟು, 30ರವೆಷ್ಟು ಎಂದು ಎಣಿಸಿದರೆ ಕಾಳಿನೊಳಗಿನ ಸಾರಜನಕದಲ್ಲಿ ಈ ವರ್ಷ ಹಾಕಿದ ಗೊಬ್ಬರದ ಪಾಲೆಷ್ಟು, ಮಣ್ಣಿನಲ್ಲಿ ಮೊದಲೇ ಇದ್ದದ್ದರ ಪಾಲೆಷ್ಟು ಎಂಬ ಲೆಕ್ಕ ಸಿಗುತ್ತದೆ.

ಹಲವು ದೇಶಗಳಲ್ಲಿ ದಶಕಗಳಿಂದ ನಡೆದ ಇಂಥ ಪ್ರಯೋಗಗಳ ಫಲಿತಾಂಶ ರೈತನಿಗೆ ಹಿತವಾದದ್ದಲ್ಲ. ಹಾಕಿದ ಸಾರಜನಕದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಮೂರನೆಯ ಒಂದರಿಂದ ಅರ್ಧದಷ್ಟು. ಒಂದಿಷ್ಟು ಮಣ್ಣಿನ ಸಾವಯವ ಅಂಶದಲ್ಲಿ ಸೇರಿ ಉಳಿಯುತ್ತದೆ. ಮಿಕ್ಕದ್ದು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ, ನೀರು ನಿಂತ ನೆಲದಲ್ಲಿ ಸೂಕ್ಷ್ಮಜೀವಿಗಳ ಕೈಸೇರಿ ಅನಿಲವಾಗುತ್ತದೆ, ಇಲ್ಲವೇ ನೈಟ್ರೇಟಾಗಿ ನೀರಿನೊಡನೆ ಇಳಿಯುತ್ತದೆ. ಕ್ಷಾರಗುಣದ ನಮ್ಮ ಎರೆಮಣ್ಣಿನ ಮೇಲ್ಮೈಯಲ್ಲಿ ಚೆಲ್ಲಿದ ಯೂರಿಯಾ ಗಾಳಿಗೆ ಹಾರುವ ಸಂಭವ ಹೆಚ್ಚು. ಜಡಿಮಳೆ ಹಿಡಿದು ಹೊಲ ಜವುಳಾದರೆ ಎರಡನೆಯ ದಾರಿ ತೆರೆಯುತ್ತದೆ. ಎರೆ ಉಬ್ಬಿಕೊಂಡಾಗ ನೀರನ್ನು ಕೆಳಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿರಿದ ಮೊಳಕಾಲುದ್ದದ ಬಿರುಕುಗಳ ಮೂಲಕ ಮೊದಲ ಮಳೆಯ ನೀರು ನೇರವಾಗಿ ಇಳಿಯುವುದೂ ಉಂಟು. ಗೊಬ್ಬರವನ್ನು ಮಣ್ಣಿನೊಳಗೆ ಇಟ್ಟರೆ, ಒಂದೇ ಸಲಕ್ಕೆ ಹಾಕದೆ ಕಂತುಗಳಲ್ಲಿ ಕೊಟ್ಟರೆ ಬೆಳೆಗೆ ದಕ್ಕುವ ಪಾಲು ಏರುತ್ತದೆ ಎಂದು ತೋರಿಸಿದ್ದೂ ಇದೇ ಹದಿನೈದರ ಸಾರಜನಕ.

ತಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅರ್ಧಾ ಗೊಬ್ಬರ ಗಾಳಿಗೆ ಹೋಗತೈತಿ ಅಂದ್ರ, ಸರತಿಗೆ ನಿಂತ ಅರ್ಧಾ ದಿನಾನೂ ಗಾಳಿಗೇ ಹೋತಲ್ಲಣ್ಣಾ" ಎಂದ. 2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ಯೂರಿಯಾಕ್ಕಾಗಿ ರೈತರು ಬೆಳಗಿನಿಂದಲೇ ಸಾಲುಗಟ್ಟಿ ನಿಂತದ್ದನ್ನು ಪತ್ರಿಕೆ ಓದುವವರೆಲ್ಲ ಕಂಡಿದ್ದಾರೆ. ರೈತರು ವಿವೇಚನೆಯಿಲ್ಲದೆ ಯೂರಿಯಾ ಸುರಿಯುತ್ತಾರೆಂದು ಊರಿನವರಾದ ನಾವು ಹೇಳುವುದು ಸುಲಭ. ಸಹಾಯಧನದಿಂದಾಗಿ ಯೂರಿಯಾ ಅಗ್ಗ, ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳು ಅದಕ್ಕಿಂತ ತುಟ್ಟಿ. ಅಗ್ಗವಾದದ್ದನ್ನು ಹೆಚ್ಚು ಕೊಳ್ಳುವುದು ಅವಿವೇಕವಲ್ಲ, ಮನೆವಾರ್ತೆ. 2015ರಲ್ಲಿ ಬೇವಿನ ಲೇಪನವನ್ನು ಕಡ್ಡಾಯಗೊಳಿಸಿದ್ದು, ಆಮೇಲೆ 50 ಕಿಲೋ ಚೀಲವನ್ನು 45ಕ್ಕೆ ಇಳಿಸಿದ್ದು ಒಳ್ಳೆಯ ಕ್ರಮಗಳೇ. ಆದರೂ ಎಷ್ಟು ಹಾಕಬೇಕೆಂಬ ಸಲಹೆಗಿಂತ ಹಾಕಿದ್ದರಲ್ಲಿ ಎಷ್ಟು ದಕ್ಕಿತೆಂಬ ಮಾಹಿತಿ ರೈತನಿಗೆ ಹೆಚ್ಚು ಮನದಟ್ಟಾಗುತ್ತದೆ ಎಂಬುದು ನನ್ನ ಅನುಭವ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಹೊಸ ತಳಿ, ಹೊಸ ಯಂತ್ರಗಳ ನಡುವೆ, ಒಂದು ಚೀಲ ಯೂರಿಯಾ ಎಲ್ಲೆಲ್ಲಿಗೆ ಹೋಯಿತೆಂದು ನಾಲ್ಕು ಬುಟ್ಟಿಗಳಲ್ಲಿ ತೂಗಿ ತೋರಿಸುವ ಒಂದು ಮಳಿಗೆ ಇದ್ದರೆ ಜನ ಅಲ್ಲಿ ನಿಂತಾರು.

ಮರುದಿನ ಅವನ ಹೊಲಕ್ಕೆ ಹೋದೆ. ಬದುವಿನ ಬಳಿ ಕಿತ್ತ ಹೆಸರಿನ ಗಿಡವೊಂದರ ಬೇರನ್ನು ತೋರಿಸಿದ. ಗಂಟುಗಳು ಇನ್ನೂ ಇದ್ದವು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕದ ಮೂರೆಳೆಯ ಬಂಧವನ್ನು ಹೊಲದ ಬಿಸಿಲಿನಲ್ಲೇ ಬಿಡಿಸುತ್ತದೆ. ಅದೇ ಕೆಲಸಕ್ಕೆ ಕಾರ್ಖಾನೆಯಲ್ಲಿ ನಾನ್ನೂರು ಡಿಗ್ರಿಗೂ ಮೀರಿದ ಶಾಖ, ನೂರಾರು ಪಟ್ಟು ವಾಯುಭಾರದ ಒತ್ತಡ ಬೇಕು. "ಇದಕ್ಕ ನಾ ಹಿಡಿ ಯೂರಿಯಾನೂ ಹಾಕಿಲ್ಲ" ಎಂದ. ಗಾಳಿಯಿಂದ ಪಡೆದ ಸಾರಜನಕಕ್ಕೂ ಮಣ್ಣಿನಿಂದ ಪಡೆದದ್ದಕ್ಕೂ ಹದಿನೈದರ ಪ್ರಮಾಣದಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಬೇಳೆಕಾಳಿನ ಗಿಡ ಗಾಳಿಯಿಂದ ಎಷ್ಟು ದುಡಿದುಕೊಂಡಿತೆಂದು ಅದರಿಂದಲೇ ಅಳೆಯುತ್ತಾರೆ.

ನೀರಿನ ತಕರಾರಿಗೂ ಇದೇ ಕೂದಲೆಳೆ ಆಧಾರ. ಕಾರ್ಖಾನೆಯ ಯೂರಿಯಾಕ್ಕೆ ಸಾರಜನಕ ಬರುವುದು ಗಾಳಿಯಿಂದ, ಹೀಗಾಗಿ ಅದರಲ್ಲಿ ಹದಿನೈದರ ಪ್ರಮಾಣ ಹೆಚ್ಚುಕಡಿಮೆ ಗಾಳಿಯಷ್ಟೇ. ಶೌಚಗುಂಡಿ ಮತ್ತು ತಿಪ್ಪೆಗಳ ಪರಿ ಬೇರೆ. ಅಲ್ಲಿ ಅಮೋನಿಯಾ ಹಾರುವಾಗ ಹಗುರವಾದ ಹದಿನಾಲ್ಕರದು ತುಸು ಮುಂಚೆ ಹೊರಡುತ್ತದೆ, ಭಾರದ ಹದಿನೈದರದು ತುಸು ಹಿಂದೆ ಉಳಿಯುತ್ತದೆ. ಹಾಗೆ ಉಳಿದದ್ದರಿಂದ ಹುಟ್ಟಿದ ನೈಟ್ರೇಟಿನಲ್ಲಿ ಹದಿನೈದರ ಅನುಪಾತ ಗಾಳಿಗಿಂತ ಸಾವಿರಕ್ಕೆ ಹತ್ತು, ಕೆಲವೊಮ್ಮೆ ಇಪ್ಪತ್ತರಷ್ಟು ಹೆಚ್ಚಿರುತ್ತದೆ. ಬಾವಿಯ ನೀರನ್ನು ರಾಶಿರೋಹಿತಮಾಪಕಕ್ಕೆ ಕೊಟ್ಟರೆ ನೈಟ್ರೇಟು ಬಂದದ್ದು ಗೊಬ್ಬರದ ಚೀಲದಿಂದಲೋ ಶೌಚಗುಂಡಿಯಿಂದಲೋ ಎಂಬುದರ ಸುಳಿವು ಸಿಗುತ್ತದೆ. ಸುಳಿವು ಎಂದೆ, ತೀರ್ಪು ಎನ್ನಲಿಲ್ಲ. ಎರಡೂ ಬೆರೆತಿದ್ದರೆ, ಅಥವಾ ಭೂಮಿಯೊಳಗೇ ಸೂಕ್ಷ್ಮಜೀವಿಗಳು ನೈಟ್ರೇಟನ್ನು ತಿಂದಿದ್ದರೆ ಅನುಪಾತ ಬದಲಾಗುತ್ತದೆ. ಆಗ ಆಮ್ಲಜನಕದ ಸಮಸ್ಥಾನಿಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಒಂದು ಬಡಾವಣೆಯ ಒಂದು ಬಾವಿಗೆ ಅಷ್ಟು ದೊಡ್ಡ ಯಂತ್ರವನ್ನು ಹುಡುಕಿ ಹೋಗುವುದು ನಮ್ಮ ಶಕ್ತಿಗೆ ಮೀರಿತ್ತು. ಆದರೆ ಸಾಕ್ಷಿಗೆ ಎರಡು ಬಾಗಿಲುಗಳಿವೆ ಎಂಬುದು ತಿಳಿದ ಮೇಲೆ ಒಂದನ್ನೇ ನೋಡುತ್ತ ಕೂರುವುದು ನ್ಯಾಯವಾಗಿರಲಿಲ್ಲ. ನಮ್ಮ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ನಿವೇಶನ ಕೊಳ್ಳುವಾಗ ಕೊಟ್ಟ ಮಾತು ಮಾತಾಗಿಯೇ ಉಳಿದು, ಮನೆಗೊಂದರಂತೆ ಗುಂಡಿಗಳಾಗಿವೆ. ತಮ್ಮನೂ ನಾನೂ ಟೇಪು ಹಿಡಿದು ಅಳೆದೆವು. ಹೊಲದ ಅಂಚು ಬಾವಿಯಿಂದ ಇನ್ನೂರು ಅಡಿಗೂ ದೂರ. ಬಾವಿಗೆ ಎಲ್ಲಕ್ಕಿಂತ ಹತ್ತಿರದ ಶೌಚಗುಂಡಿ ಇಪ್ಪತ್ತೆಂಟು ಅಡಿಯಲ್ಲಿತ್ತು. ಅದರಾಚೆ ಇನ್ನೂ ಮೂರು. ಆ ಇಪ್ಪತ್ತೆಂಟು ಅಡಿಯದು ಸಭೆಯಲ್ಲಿ ಯೂರಿಯಾದ ಮಾತೆತ್ತಿದವರದಲ್ಲ, ನನ್ನದು.

ಮುಂದಿನ ಸಭೆಯಲ್ಲಿ ಅಳತೆಯ ಚೀಟಿಯನ್ನು ಎಲ್ಲರೆದುರು ಇಟ್ಟೆ. ತಮ್ಮನನ್ನೂ ಕರೆದಿದ್ದೆ, ಅವನು ಏನೂ ಮಾತಾಡಲಿಲ್ಲ. ಈಗ ಕೊಳವೆಬಾವಿಯ ನೀರನ್ನು ಗಿಡಗಳಿಗೆ, ತೊಳೆಯುವುದಕ್ಕೆ ಮಾತ್ರ ಬಳಸುತ್ತಿದ್ದೇವೆ. ಕುಡಿಯಲು ಟ್ಯಾಂಕರು. ನನ್ನ ಮನೆಯ ಗುಂಡಿಯನ್ನು ಮುಚ್ಚಿಸಿ ರಸ್ತೆಯ ಬದಿಗೆ ಬೇರೆಯದನ್ನು ತೋಡಿಸಿದ್ದೇನೆ. ಉಳಿದ ಮೂವರಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ತಮ್ಮ ಈ ಹಿಂಗಾರಿಯ ಜೋಳಕ್ಕೆ ಗೊಬ್ಬರವನ್ನು ಮೇಲೆ ಚೆಲ್ಲದೆ ಕೂರಿಗೆಯಲ್ಲಿ ಬೀಜದ ಪಕ್ಕಕ್ಕೆ ಇಳಿಸಿದ್ದಾನೆ. ಸಂಕ್ರಾಂತಿ ಕಳೆದ ಮೇಲೆ ನೀರಿನ ಇನ್ನೊಂದು ಬಾಟಲಿಯನ್ನು ಪರೀಕ್ಷೆಗೆ ಕಳುಹಿಸುವುದೆಂದು ತೀರ್ಮಾನವಾಗಿದೆ. ಅದರ ಖರ್ಚಿನಲ್ಲಿ ತನ್ನದೂ ಒಂದು ಪಾಲೆಂದು ತಮ್ಮ ನೂರು ರೂಪಾಯಿಯ ಎರಡು ನೋಟುಗಳನ್ನು ನನ್ನ ಕೈಗಿಟ್ಟು ಹೋಗಿದ್ದಾನೆ.